ಬೀಗದಕ್ಕನ ಚಾರ್ಜರ್

ನಮ್ಮ ದೊಡ್ಡಮ್ಮನ ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ಮೇಲೆ ಟೇಪು ಅಂಟಿಸಿತ್ತು. ಮೂರರಲ್ಲಿ ನಿಂತದ್ದು ಮೂರರಲ್ಲೇ. ಸೆಕೆಯಾದರೂ ಮೂರು, ಚಳಿಯಾದರೂ ಮೂರು. ಫ್ರಿಜ್ಜಿನೊಳಗಿನ ತಿರುಗಣೆಗೂ ಟೇಪು, ಟೀವಿಯ ದನಿ ಏರಿಸುವ ಗುಂಡಿಗೂ ಟೇಪು. ಏಳನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ತಾಯಿಯ ಅಕ್ಕನ ಮನೆಗೆ ಬಂದ ನಾನು ಆ ಟೇಪುಗಳ ನಡುವೆಯೇ ಬೆಳೆದವಳು. ದೊಡ್ಡಮ್ಮ ಜಿಪುಣಿಯಲ್ಲ, ಸಿಡುಕಿಯೂ ಅಲ್ಲ. ಬೇರೆಯವರ ಕೈಯ ಮೇಲೆ ನಂಬಿಕೆ ಇರಲಿಲ್ಲ, ಅಷ್ಟೆ.

"ಮನುಷ್ಯರ ಕೈ ಸುಮ್ನಿರಲ್ಲ ಕಣೇ," ಅನ್ನುತ್ತಿದ್ದಳು. "ಗುಂಡಿ ಕಂಡ್ರೆ ಒತ್ತಬೇಕು, ತಿರುಪು ಕಂಡ್ರೆ ತಿರುಗಿಸಬೇಕು. ಆಮೇಲೆ ಸುಟ್ಟ ವಾಸನೆ ಬಂದಾಗ ನನ್ನ ಮುಖ ನೋಡಬೇಕು."

ಹೇಳುವವಳು ಯಾರು? ಹನ್ನೆರಡನೇ ವಯಸ್ಸಿಗೆ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು, ಗಿರಾಕಿ ಬಿಟ್ಟು ಹೋದ ಒಳ್ಳೆಯ ರೇಡಿಯೋವನ್ನೂ ಬಿಚ್ಚಿ ಹರವಿದವಳು! ತಾತ ಬೈಯಲಿಲ್ಲವಂತೆ. "ಬಿಚ್ಚಿದ್ದೀಯಲ್ಲ, ಈಗ ಮುಚ್ಚು. ಮುಚ್ಚೋ ತನಕ ಊಟ ಇಲ್ಲ," ಅಂದರಂತೆ. ಸಂಜೆ ನಾಲ್ಕಕ್ಕೆ ರೇಡಿಯೋ ಹಾಡಿತು, ಆಮೇಲೆ ಅವಳು ಉಂಡಳು. ಈ ಕಥೆಯನ್ನು ಅವಳೇ ನನಗೆ ನೂರು ಸಲ ಹೇಳಿದ್ದಾಳೆ. ಹಾಗಾದರೆ ನನಗೇಕೆ ಫ್ಯಾನು ಮುಟ್ಟಲು ಬಿಡುವುದಿಲ್ಲ ಎಂದು ನಾನು ನೂರು ಸಲ ಕೇಳಿದ್ದೇನೆ. ಆಗೆಲ್ಲ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಅವಳ ಉದ್ಯೋಗ ಬ್ಯಾಟರಿ ಗಾಲಿಕುರ್ಚಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ. ಕೆಳಗಡೆ ಕಬ್ಬಿಣ ಬಗ್ಗಿಸಿ ಬೆಸುಗೆ ಹಾಕುವವರು, ಮಧ್ಯದ ಮಹಡಿಯಲ್ಲಿ ದಿಂಬು ಹೊಲಿಯುವವರು, ಮೇಲಿನ ತಗಡಿನ ಮಾಡಿನ ಕೋಣೆಯಲ್ಲಿ ದೊಡ್ಡಮ್ಮ. ಅವಳು ಡ್ರೈವರ್ ಬರೆಯುತ್ತಾಳೆ ಎಂದರೆ ನೆಂಟರೆಲ್ಲ ಲಾರಿ ಡ್ರೈವರ್‌ಗಳಿಗೆ ಅರ್ಜಿ ಬರೆದುಕೊಡುತ್ತಾಳೆ ಎಂದುಕೊಂಡಿದ್ದರು. ಸೋದರಮಾವನೊಬ್ಬ ತನ್ನ ಮಗನ ಲೈಸೆನ್ಸ್ ಮಾಡಿಸಿಕೊಡು ಎಂದು ಬಂದಿದ್ದೂ ಉಂಟು. ನಿಜ ಇಷ್ಟೇ: ಚಾರ್ಜರ್ ಎಂಬ ಪೆಟ್ಟಿಗೆ ತಾನಾಗಿ ಏನನ್ನೂ ಯೋಚಿಸುವುದಿಲ್ಲ. ಎಷ್ಟು ಕರೆಂಟು ಎಳೆಯಬೇಕು, ಯಾವಾಗ ನಿಲ್ಲಿಸಬೇಕು, ಬಿಸಿಯಾದರೆ ಏನು ಮಾಡಬೇಕು ಎಂದು ಅದಕ್ಕೆ ಹೇಳುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವವಳು ದೊಡ್ಡಮ್ಮ. ಓದು ಮುಗಿಸಿದ ಮೇಲೆ ನಾನೂ ಅಲ್ಲೇ ಸೇರಿದೆ. ಕುರ್ಚಿಯ ಜೊತೆ ಕೊಡುವ ಕೈಪಿಡಿ ಬರೆಯುವುದು, ದೂರಿನ ಪತ್ರಗಳಿಗೆ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಅಕ್ಕ ಎಂದೂ ಬೆನ್ನ ಹಿಂದೆ ಬೀಗದಕ್ಕ ಎಂದೂ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವಳ ಬೀರುವಿನಲ್ಲಿತ್ತು. ಅರ್ಧ ಸುಟ್ಟು ಕರಕಲಾದ ಒಂದು ದಿಂಬು.

ನಾನು ಸೇರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಮೊದಲ ಮಾದರಿಯ ಕುರ್ಚಿಯಲ್ಲಿ ದೊಡ್ಡಮ್ಮ ಯಾವುದಕ್ಕೂ ಬೀಗ ಹಾಕಿರಲಿಲ್ಲ. ಚಾರ್ಜರಿನ ಮೇಲೊಂದು ಪುಟ್ಟ ಪರದೆ, ನಾಲ್ಕು ಗುಂಡಿ. ಕರೆಂಟು, ವೋಲ್ಟೇಜು, ಎಲ್ಲವನ್ನೂ ಬೇಕಾದಂತೆ ಬದಲಿಸಬಹುದಿತ್ತು. ಕುರ್ಚಿ ಅವರದು, ಅವರಿಷ್ಟ ಎಂಬುದು ಆಗಿನ ಅವಳ ವಾದ. ಒಬ್ಬ ಗಿರಾಕಿಯ ತಮ್ಮ, ಗ್ಯಾರೇಜಿನವನು, ಅಣ್ಣನ ಕುರ್ಚಿ ಇನ್ನಷ್ಟು ಜೋರಾಗಿ ಓಡಲಿ ಎಂದು ವೋಲ್ಟೇಜು ಏರಿಸಿಟ್ಟ. ಬ್ಯಾಟರಿ ಹಲಸಿನಂತೆ ಊದಿಕೊಂಡು ಹೊತ್ತಿಕೊಂಡಿತು. ಅಣ್ಣ ಆಗ ಕುರ್ಚಿಯಲ್ಲಿ ಇರಲಿಲ್ಲ, ಮಂಚದ ಮೇಲಿದ್ದ. ಅಷ್ಟೇ ಪುಣ್ಯ. ದೊಡ್ಡಮ್ಮ ತಾನೇ ಹೋಗಿ ಸುಟ್ಟ ದಿಂಬನ್ನು ತಂದು ಬೀರುವಿನಲ್ಲಿಟ್ಟಳು. ಆ ವಾರದಲ್ಲೇ ಎಲ್ಲ ಸೆಟ್ಟಿಂಗುಗಳಿಗೂ ಬೀಗ ಬಿತ್ತು. ಪರದೆಯಲ್ಲಿ ಹಸಿರು ದೀಪ ಮಿನುಗುವುದೊಂದು ಬಿಟ್ಟು ಬೇರೇನೂ ಉಳಿಯಲಿಲ್ಲ. ಮನೆಯ ಫ್ಯಾನಿಗೆ ಟೇಪು ಬಿದ್ದದ್ದೂ ಅದೇ ವಾರ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ನನಗನ್ನಿಸುತ್ತಿತ್ತು. ಆದರೆ ಆ ದಿಂಬನ್ನು ಮೂಸಿ ನೋಡಿದ ಮೇಲೆ ಹಾಗೆ ಹೇಳುವ ಧೈರ್ಯ ಬರುತ್ತಿರಲಿಲ್ಲ.

ಹೊಸ ಮಾದರಿಯ ಕುರ್ಚಿ ತಯಾರಾಗುತ್ತಿದ್ದ ವರ್ಷ ಗಡಿಯಾರದಣ್ಣ ಬಂದರು. ಕೈಗಡಿಯಾರ ರಿಪೇರಿ ಮಾಡುವವರು, ಐವತ್ತೆಂಟು ವಯಸ್ಸು, ಕಾಲಿನ ಶಕ್ತಿ ಹೋಗಿ ಇಪ್ಪತ್ತು ವರ್ಷ. ಅವರ ಮೂರು ಪತ್ರಗಳಿಗೆ ನಾನು ಒಂದೇ ಉತ್ತರ ಕೊಟ್ಟಿದ್ದೆ: "ಸುರಕ್ಷತೆಯ ಕಾರಣದಿಂದ ಸೆಟ್ಟಿಂಗ್ ಬದಲಿಸಲು ಅವಕಾಶವಿಲ್ಲ." ನಾಲ್ಕನೆಯ ಸಲ ಅವರು ಪತ್ರ ಬರೆಯಲಿಲ್ಲ. ಕುರ್ಚಿಯಲ್ಲೇ ಬಂದು ಕಾರ್ಖಾನೆಯ ಬಾಗಿಲಿಗೆ ಅಡ್ಡ ನಿಲ್ಲಿಸಿ, ಒಳಗೆ ಬರುವವರನ್ನೂ ಹೊರಗೆ ಹೋಗುವವರನ್ನೂ ತಡೆದು, "ಚಾರ್ಜರ್ ಬರೆಯೋರು ಯಾರು?" ಎಂದು ಕೇಳಿದರು.

ದೊಡ್ಡಮ್ಮ ಇಳಿದು ಬಂದಳು.

"ನಾನು. ಏನಾಗ್ಬೇಕಿತ್ತು ಅಣ್ಣಾ?"

"ನಿಮ್ಮ ಕಾಲಿಗೆ ಯಾರಾದ್ರೂ ಬೀಗ ಹಾಕಿದ್ದಾರಾ ಅಮ್ಮಾ?"

ದೊಡ್ಡಮ್ಮ ತನ್ನ ಕಾಲು ನೋಡಿಕೊಂಡಳು.

"ನನ್ನ ಕಾಲಿಗೆ ನೀವು ಹಾಕಿದ್ದೀರಿ," ಎಂದರು ಅವರು, ಕುರ್ಚಿಯ ತೋಳು ತಟ್ಟುತ್ತ. ಸಿಟ್ಟಿನಲ್ಲಿದ್ದರೂ ದನಿ ಏರಿಸಲಿಲ್ಲ. ಚಿಕ್ಕ ಚಿಕ್ಕ ಹಲ್ಲಿನ ಚಕ್ರಗಳ ಜೊತೆ ಬದುಕಿದವರಿಗೆ ಕೂಗಾಟ ಬರುವುದಿಲ್ಲವೇನೋ.

ಅವರ ತೊಂದರೆ ಕೇಳಲು ಸಣ್ಣದು. ಅಂಗಡಿ ಇಳಿಜಾರಿನ ಬುಡದಲ್ಲಿ, ಮನೆ ತುದಿಯಲ್ಲಿ. ಬೆಳಿಗ್ಗೆ ತುಂಬಿದ ಬ್ಯಾಟರಿಯಲ್ಲಿ ಇಳಿದು ಬಂದು, ಬಿಡಿಭಾಗದ ಅಂಗಡಿಗಳಿಗೆ ಓಡಾಡಿದರೆ ಹನ್ನೊಂದು ಗಂಟೆಗೆಲ್ಲ ಅರ್ಧ ಖಾಲಿ. ಸಂಜೆ ಏರು ಹತ್ತಬೇಕಾದರೆ ಅಂಗಡಿಯಲ್ಲಿ ಮತ್ತೆ ಚಾರ್ಜ್ ಮಾಡಲೇಬೇಕು. ಆದರೆ ಆ ಹಳೆ ಕಟ್ಟಡದಲ್ಲಿ ಅವರಿಗೂ ಪಕ್ಕದ ಟೈಲರಮ್ಮನಿಗೂ ಸೇರಿ ಒಂದೇ ಫ್ಯೂಸು. ಇವರ ಚಾರ್ಜರ್ ಎಂಟು ಆಂಪಿಯರ್ ಕೊಡುವುದೆಂದರೆ ಕೊಟ್ಟೇ ಕೊಡುತ್ತದೆ. ಅದರ ಮೇಲೆ ಆಯಮ್ಮ ಇಸ್ತ್ರಿಪೆಟ್ಟಿಗೆ ಹಾಕಿದರೆ ಫಟ್ ಎಂದು ಎರಡೂ ಅಂಗಡಿ ಕತ್ತಲು. ಹಾಗಾಗಿ ಆಯಮ್ಮ ಇಸ್ತ್ರಿ ಮಾಡುವ ಹೊತ್ತೆಲ್ಲ ಇವರು ಚಾರ್ಜರ್ ಕಿತ್ತಿಡಬೇಕು. ಅವಳಿಗೆ ಇಡೀ ದಿನ ಇಸ್ತ್ರಿ.

"ನಂಗೆ ಜಾಸ್ತಿ ಬೇಡ. ಕಡಿಮೆ ಬೇಕು. ಎಂಟರ ಬದಲು ಮೂರು ಸಾಕು. ನಿಧಾನಕ್ಕೆ ಎಳೀಲಿ, ದಿನವಿಡೀ ಎಳೀಲಿ. ಈಗೇನಾಗ್ತಿದೆ ಗೊತ್ತಾ? ಏರಿನ ಅರ್ಧಕ್ಕೆ ಕುರ್ಚಿ ನಿಲ್ಲುತ್ತೆ. ದಾರೀಲಿ ಹೋಗೋರು ಹಿಂದಿನ ಹಿಡಿ ಹಿಡ್ಕೊಂಡು ತಳ್ತಾರೆ. ಕೇಳೋದೂ ಇಲ್ಲ, ತಳ್ತಾರೆ. ಒಳ್ಳೆ ಜನ. ಒಬ್ಬರು ತಳ್ತಾ ತಳ್ತಾ ನನ್ನ ತಲೆ ಮೇಲೆ ಫೋನಲ್ಲಿ ಮಾತಾಡ್ತಿರ್ತಾರೆ. ಅಂಗಡಿಗೆ ಬಂದ್ರೆ ನಾನು ಮೇಸ್ತ್ರಿ ಅಮ್ಮಾ, ಆ ಏರಲ್ಲಿ ನಾನೊಂದು ಮೂಟೆ."

ಆ ಸಂಜೆ ದೊಡ್ಡಮ್ಮ ಮನೆಗೆ ಬಂದು ಚಹಾ ಕುಡಿಯದೆ ಕೂತಳು. "ಏರಿಸೋದಕ್ಕೆ ಹೆದರಿ ನಾನು ಇಳಿಸೋದಕ್ಕೂ ಬೀಗ ಹಾಕ್ಬಿಟ್ಟೆ," ಎಂದಳು. "ಇಳಿಸಿದ್ರೆ ಯಾವ ಬ್ಯಾಟರಿ ಸುಡುತ್ತೆ? ಇಷ್ಟು ವರ್ಷ ಹೊಳೀಲಿಲ್ವಲ್ಲೇ ನಂಗೆ!" ಎದ್ದು ಹೋಗಿ ಫ್ಯಾನಿನ ಟೇಪನ್ನು ಉಗುರಿನಿಂದ ಕಿತ್ತಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಎರಡಕ್ಕೆ ಇಳಿಸ್ಕೋ, ಒಂದಕ್ಕೆ ಇಳಿಸ್ಕೋ," ಅಂದಳು. "ನಾಲ್ಕಕ್ಕೆ ಮಾತ್ರ ಹೋಗ್ಬೇಡ, ಅದು ಕುಂಯ್ ಅನ್ನುತ್ತೆ."

ಕಾರ್ಖಾನೆಯ ಯಜಮಾನರು ದೊಡ್ಡಮ್ಮನಿಗಿಂತ ಹತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ, ಆದರೆ ಯಾವುದನ್ನೂ ಖಚಿತವಾಗಿ ಹೇಳದೆ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ. ಈ ಒಂದು ವಿಷಯದಲ್ಲಿ ಮಾತ್ರ ಅವರು ಖಡಾಖಂಡಿತ. ಹೊಸ ಮಾದರಿಯ ಡ್ರೈವರನ್ನು ಆ ತಿಂಗಳ ಕೊನೆಗೆ ಚಾರ್ಜರಿನೊಳಗಿನ ಚಿಪ್‌ನಲ್ಲಿ ಶಾಶ್ವತವಾಗಿ ಕೂರಿಸಿ ಮುಚ್ಚಿಬಿಡುವುದು ಎಂದು ತೀರ್ಮಾನವಾಗಿತ್ತು. ಆಮೇಲೆ ಬ್ರಹ್ಮ ಬಂದರೂ ಬದಲಿಸಲಾಗದು.

"ಬೀಗ ಹಾಕಿದ್ದು ನೀವೇ ಅಕ್ಕ. ಆ ದಿಂಬು ಎದುರಿಗಿಟ್ಟು ನಂಗೆ ಪಾಠ ಹೇಳಿದ್ದೂ ನೀವೇ. ಈಗ ಒಬ್ಬ ಗಡಿಯಾರದವರು ಬಂದು ಕಣ್ಣೀರು ಹಾಕಿದ್ರೂಂತ..."

"ಅವ್ರು ಕಣ್ಣೀರು ಹಾಕ್ಲಿಲ್ಲ. ಬಾಗಿಲಿಗೆ ಅಡ್ಡ ನಿಂತ್ರು."

ಕೊನೆಗೆ ಒಂದು ಒಪ್ಪಂದವಾಯಿತು. ಒಂದೇ ಕುರ್ಚಿ, ಗಡಿಯಾರದಣ್ಣನದು. ತಿಂಗಳ ಕೊನೆಯ ತನಕ ಪರೀಕ್ಷೆ. ಕರೆಂಟು ಇಳಿಸಬಹುದು, ಎಂಟರ ಮೇಲೆ ಏರಿಸಲಾಗದು. ಸರಿಹೋದರೆ ಹೊಸ ಮಾದರಿಯ ಎಲ್ಲ ಕುರ್ಚಿಗೂ ಅದೇ. ಎಡವಟ್ಟಾದರೆ ಎಲ್ಲ ಕುರ್ಚಿಗೂ ಬೀಗ, ಮತ್ತೆ ಆ ಮಾತೇ ಎತ್ತಕೂಡದು.

ದೊಡ್ಡಮ್ಮ ಮೈಯೆಲ್ಲ ಕಣ್ಣಾಗಿ ಡ್ರೈವರ್ ತಿದ್ದಿದಳು. ಎಂಟು ಆಂಪಿಯರಿನ ಮೇಲೆ ಎಷ್ಟು ಕೊಟ್ಟರೂ ಒಪ್ಪದಂತೆ, ವೋಲ್ಟೇಜಿನ ಪುಟವೇ ಕಾಣದಂತೆ ಮಾಡಿದಳು. ಹಳೆಯ ಪರದೆಯನ್ನು ಮತ್ತೆ ತೆರೆದು ಕೊಟ್ಟಳು. ಗಡಿಯಾರದಣ್ಣ ಚಾರ್ಜರನ್ನು ಮಡಿಲಲ್ಲಿಟ್ಟುಕೊಂಡು ಬೀದಿ ದಾಟಿ ಹೋಗುವಾಗ ಹಿಂತಿರುಗಿ ಕೈ ಎತ್ತಿದರು.

ಮಾರನೆಯ ದಿನ ಸಂಜೆ ಆರು ಗಂಟೆಗೆ ಟೈಲರಮ್ಮನ ಫೋನು ಬಂತು. ಗಡಿಯಾರದಣ್ಣನ ಕುರ್ಚಿ ಈ ಸಲ ಏರಿನ ಅರ್ಧಕ್ಕೂ ಮುಟ್ಟಿರಲಿಲ್ಲ. ಏರು ಶುರುವಾಗುವ ನಾಲ್ಕು ರಸ್ತೆ ಕೂಡುವಲ್ಲಿ, ಬಸ್ಸುಗಳ ಮಧ್ಯೆ, ಸತ್ತು ನಿಂತಿತ್ತು. ನಾಲ್ಕು ಜನ ಕುರ್ಚಿಯನ್ನು ಅವರ ಸಮೇತ ಎತ್ತಿ ಪಕ್ಕಕ್ಕಿಟ್ಟರಂತೆ. ಎತ್ತಿದರು. ಆ ಮಾತು ಕೇಳಿದಾಗ ದೊಡ್ಡಮ್ಮನ ಮುಖ ನನಗೆ ನೋಡಲಾಗಲಿಲ್ಲ.

ನಾವಿಬ್ಬರೂ ಓಡಿದೆವು. ಯಜಮಾನರೂ ಹಿಂದೆಯೇ ಬಂದರು. ಗಡಿಯಾರದಣ್ಣನನ್ನು ಮತ್ತೆ ಅಂಗಡಿಗೆ ತಂದು ಕೂರಿಸಿದ್ದರು. ಅವರು ಯಾರ ಕಡೆಗೂ ನೋಡದೆ ಒಂದು ಗಡಿಯಾರದ ಹಿಂಬದಿ ಒರೆಸುತ್ತಿದ್ದರು.

"ದಿನವಿಡೀ ಚಾರ್ಜಿಗೆ ಹಾಕಿದ್ದೆ, ತುಂಬ್ತಿದೆ ಅಂತ ನಂಬಿ ನಡುವೆ ಒಂದು ಸುತ್ತು ಪೇಟೆಗೂ ಹೋಗಿ ಬಂದೆ. ಹಸಿರು ದೀಪ ಮಿನುಗ್ತಾನೇ ಇತ್ತು. ಫ್ಯೂಸೂ ಹೋಗ್ಲಿಲ್ಲ. ಬಹಳ ಚೆನ್ನಾಗಿ ಮಿನುಗ್ತು ನಿಮ್ಮ ದೀಪ."

ದೊಡ್ಡಮ್ಮ ಚಾರ್ಜರಿನ ಗುಂಡಿ ಒತ್ತಿ ಪರದೆ ನೋಡಿದಳು. ಅದರಲ್ಲಿ 3000 ಎಂದಿತ್ತು. ಅವಳು ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು.

ನಡೆದದ್ದು ಹೀಗೆ. ಡ್ರೈವರ್ ಬರೆಯುವವರ ಒಂದು ಪದ್ಧತಿ: ಅವರು ಒಂದು ಆಂಪಿಯರನ್ನು ಹತ್ತು ಲಕ್ಷ ಚೂರು ಮಾಡಿ, ಚೂರುಗಳನ್ನು ಎಣಿಸುತ್ತಾರೆ. ಮೂರು ಆಂಪಿಯರ್ ಬೇಕಾದರೆ ಮೂವತ್ತು ಲಕ್ಷ ಎನ್ನಬೇಕು. ಆದರೆ ಚಾರ್ಜರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಒಂದು ಆಂಪಿಯರಿಗೆ ಸಾವಿರ ಚೂರಿನ ಲೆಕ್ಕ. ಎಂಟು ಆಂಪಿಯರಿಗೆ 8000 ಮಿಲಿ ಎಂದು ಬರೆದಿದೆ. ಗಡಿಯಾರದಣ್ಣ ಚೀಟಿ ಓದಿ, ಎಂಟಕ್ಕೆ ಎಂಟು ಸಾವಿರವಾದರೆ ಮೂರಕ್ಕೆ ಮೂರು ಸಾವಿರ ಎಂದು ಒತ್ತಿದ್ದರು. ಯಾರಾದರೂ ಹಾಗೇ ಮಾಡುತ್ತಿದ್ದರು. ಡ್ರೈವರ್ ಅದನ್ನು ತನ್ನ ಲೆಕ್ಕದಲ್ಲಿ ತೆಗೆದುಕೊಂಡು, ಬೇಕಾದ್ದರ ಸಾವಿರದಲ್ಲೊಂದು ಪಾಲು ಎಳೆಯುತ್ತ ಕೂತಿತ್ತು. ನಲ್ಲಿ ತಿರುಗಿಸುವುದು ಬಿಟ್ಟು ಕಣ್ಣಿನ ಔಷಧಿಯ ಹನಿಗಳಲ್ಲಿ ಟ್ಯಾಂಕಿ ತುಂಬಿಸುವ ಹಾಗೆ. ಆ ಚೀಟಿ ಬರೆದವಳು ನಾನು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನೋಡಿದ್ರಾ ಅಕ್ಕ?" ಎಂದರು ಯಜಮಾನರು. ಗೆದ್ದ ಖುಷಿ ಅವರ ದನಿಯಲ್ಲಿರಲಿಲ್ಲ, ಅದನ್ನು ಹೇಳಲೇಬೇಕು. "ಏರಿಸೋದು ಬಿಡಿ, ಇಳಿಸೋದನ್ನೂ ಬಳಸೋರ ಕೈಗೆ ಕೊಡೋ ಹಾಗಿಲ್ಲ. ಅವ್ರಿಗೆ ಗೊತ್ತಾಗಲ್ಲ. ತಪ್ಪು ಮಾಡೇ ಮಾಡ್ತಾರೆ."

ಗಡಿಯಾರದಣ್ಣ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದರು. "ಸ್ವಾಮೀ, ನಾನು ದಿನಾ ಕೆಲಸ ಮಾಡೋದೇ ಆ ಹತ್ತು ಲಕ್ಷದ ಚೂರುಗಳ ಲೆಕ್ಕದಲ್ಲಿ. ಕೈಗಡಿಯಾರದ ಸೆಲ್ಲು ಕೊಡೋ ಕರೆಂಟು ಅಷ್ಟೇ ಇರೋದು. ನಂಗೆ ಗೊತ್ತಿಲ್ಲ ಅನ್ಬೇಡಿ. ಆದ್ರೆ ನಿಮ್ಮ ಪರದೆ ಮೇಲೆ ಯಾವ ಲೆಕ್ಕ ಅಂತ ಎಲ್ಲಿ ಬರೆದಿತ್ತು? ತೋರಿಸಿ."

ಪರದೆಯ ಮೇಲೆ 3000 ಬಿಟ್ಟು ಏನೂ ಇರಲಿಲ್ಲ. ಯಜಮಾನರು ಎರಡು ಸಲ ತಿರುಗಿಸಿ ನೋಡಿದರು.

"ತಪ್ಪು ಅವ್ರದಲ್ಲ," ಎಂದಳು ದೊಡ್ಡಮ್ಮ. ಎದ್ದು ನಿಂತಿದ್ದಳು. "ನನ್ನದು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ, ಅವ್ರು ಮೂರು ಸಾವಿರ ಅಂದ್ರೆ ನನ್ನ ಡ್ರೈವರ್ ಹ್ಞೂ ಅಂತು. ಏನು ಕೇಳ್ತಿದ್ದೀರಿ, ಎಷ್ಟು ಹೊತ್ತಾಗುತ್ತೆ, ಒಂದು ಮಾತು ಕೇಳ್ಲಿಲ್ಲ. ಏರಿಸೋರಿಗೆ ಗೋಡೆ ಕಟ್ಟಿದೆ, ಇಳಿಸೋರಿಗೆ ಪಾತಾಳ ತೋರಿಸ್ದೆ. ಅಣ್ಣಾ, ಹೊಟ್ಟೆಗೆ ಹಾಕ್ಕೊಳ್ಳಿ. ತಿಂಗಳು ಮುಗಿಯೋಕೆ ಇನ್ನೂ ಹನ್ನೊಂದು ದಿನ ಇದೆ."

"ಅಕ್ಕ, ಒಪ್ಪಂದ..." ಎಂದು ಯಜಮಾನರು ಶುರುಮಾಡಿದರು.

"ಒಪ್ಪಂದ ತಿಂಗಳ ಕೊನೆ ತನಕ. ನಾನು ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಹತ್ರ ಒಂದು ದಿನ ರಜೆ ಜಾಸ್ತಿ ಕೇಳಿದ್ದೀನಾ? ಈಗ ಹನ್ನೊಂದು ದಿನ ಕೇಳ್ತಿದ್ದೀನಿ. ರಜೆಯಲ್ಲ, ಕೆಲಸ."

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಟೈಲರಮ್ಮ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದಳು. ಯಜಮಾನರು ದೊಡ್ಡಮ್ಮನ ಮುಖ ನೋಡಿ, ಗಡಿಯಾರಗಳ ಮುಖ ನೋಡಿ, "ಹನ್ನೊಂದೇ ದಿನ," ಅಂದರು.

ದೊಡ್ಡಮ್ಮ ಚೀಟಿಯ ಹಿಂದೆ ಲೆಕ್ಕ ಹಾಕುತ್ತಿದ್ದಳು. ಆ ಮೂರು ಸಾವಿರದ ಲೆಕ್ಕದಲ್ಲಿ ಅರ್ಧ ಖಾಲಿಯಾದ ಬ್ಯಾಟರಿ ತುಂಬಲು ಎಷ್ಟು ದಿನವಾಗುತ್ತಿತ್ತು ಎಂದು ನೋಡಿ ಅವಳಿಗೇ ನಗು ಬಂತು. "ಒಂಬತ್ತು ತಿಂಗಳು ಅಣ್ಣಾ."

ಗಡಿಯಾರದಣ್ಣ ಬಿಗಿದುಕೊಂಡೇ ಇದ್ದರು, ಆಮೇಲೆ ಅವರ ಹೊಟ್ಟೆ ಕುಲುಕಿತು. "ಹಂಗಾದ್ರೆ ಎತ್ತಲ್ಲ ಅಮ್ಮಾ, ನಿಮ್ಮ ಚಾರ್ಜರೇ ಈಯ್ತಿತ್ತು ಅನ್ನಿ." ನಕ್ಕು ಮುಗಿದ ಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಇಪ್ಪತ್ತು ಮೂವತ್ತು ಗಡಿಯಾರಗಳು ಅಲ್ಲಿ ಟಿಕ್ ಟಿಕ್ ಎನ್ನುತ್ತಿದ್ದವು. "ಆಂಪಿಯರು ಗೀಂಪಿಯರು ಯಾಕಮ್ಮಾ ಕೇಳ್ತೀರಿ ಜನರ್ನ? ಎಷ್ಟು ಗಂಟೇಲಿ ತುಂಬ್ಬೇಕು ಅಂತ ಕೇಳಿ. ಗಂಟೆ ಎಲ್ರಿಗೂ ಗೊತ್ತು. ಹತ್ತಕ್ಕೆ ಅಂಗಡಿ ತೆಗೀತೀನಿ, ಹನ್ನೊಂದಕ್ಕೆ ಚಾರ್ಜಿಗೆ ಹಾಕ್ತೀನಿ, ಆರಕ್ಕೆ ಹೊರಡ್ತೀನಿ. ಏಳು ಗಂಟೆ. ಮಿಕ್ಕಿದ್ದು ನೀವು ಲೆಕ್ಕ ಹಾಕ್ಕೊಳ್ಳಿ, ಅದು ನಿಮ್ಮ ಕೆಲಸ."

ದೊಡ್ಡಮ್ಮ ಪೆನ್ನು ಕೆಳಗಿಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ, "ಗಂಟೆ ಕಣೇ, ಗಂಟೆ," ಎನ್ನುತ್ತಲೇ ಇದ್ದಳು. ಎರಡು ಸಲ ಬಸ್ಸಿಗೆ ಅಡ್ಡ ಹೋಗುತ್ತಿದ್ದವಳನ್ನು ನಾನೇ ಎಳೆದುಕೊಂಡೆ.

ಏಳೇ ದಿನದಲ್ಲಿ ಹೊಸ ಡ್ರೈವರ್ ತಯಾರಾಯಿತು. ಎಂಟನೆಯ ದಿನ ಬೆಳಿಗ್ಗೆ ಅವಳು ಚಾರ್ಜರನ್ನು ಅರ್ಧ ಖಾಲಿಯಾದ ಬ್ಯಾಟರಿಗೆ ಸಿಕ್ಕಿಸಿ, ಯಜಮಾನರ ಮೇಜಿನ ಮೇಲಿಟ್ಟು, "ತಗೊಳ್ಳಿ. ನಿಮ್ಮ ಕೈಲಾದಷ್ಟು ಕೆಡಿಸಿ," ಎಂದಳು.

ಯಜಮಾನರು ತೋಳು ಮಡಚಿದರು. ಒಂದು ಗಂಟೆಯಲ್ಲಿ ತುಂಬು ಎಂದರು. "ಎರಡೂವರೆ ಗಂಟೆಗಿಂತ ಬೇಗ ಆಗದು. ಎರಡೂವರೆ ಇಡಲೇ?" ಎಂದಿತು ಪರದೆ. ಸೊನ್ನೆ ಒತ್ತಿದರು, ಮತ್ತೆ ಅದೇ ಉತ್ತರ. ತೊಂಬತ್ತೊಂಬತ್ತು ಒತ್ತಿದರು. "ಇಪ್ಪತ್ತು ಗಂಟೆಗಿಂತ ನಿಧಾನ ಬೇಡ. ಇಪ್ಪತ್ತು ಇಡಲೇ?" ಐದು ಒತ್ತಿದರು. "ಐದು ಗಂಟೆಯಲ್ಲಿ ತುಂಬುತ್ತದೆ. ಸರಿಯೇ?" ನಾಲ್ಕೂ ಗುಂಡಿಗಳನ್ನು ಅಂಗೈಯಿಂದ ಒಟ್ಟಿಗೆ ಅದುಮಿದರು. ಸಪ್ಪಳ ಕೇಳಿ ಬೆಸುಗೆಯವರು ಹತ್ತಿ ಬಂದರು, ಹೊಲಿಗೆಯವರು ಬಂದರು, ಕಸ ಗುಡಿಸುವಾಕೆಯೂ ಪೊರಕೆ ಸಮೇತ ಬಂದಳು. ಒಬ್ಬೊಬ್ಬರಿಗೂ ಸರದಿ. ಬೆಸುಗೆಯಣ್ಣ ಚಾರ್ಜ್ ನಡೆಯುವಾಗಲೇ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಅದು ಕೊನೆಗೆ ಹೇಳಿದ ಗಂಟೆಯನ್ನೇ ನೆನಪಿಟ್ಟುಕೊಂಡಿತ್ತು. ಕಸ ಗುಡಿಸುವಾಕೆ ಏಳು ಒತ್ತಿ, "ಇದು ನಂಗೂ ಬರುತ್ತಲ್ಲಾ!" ಎಂದು ಸುತ್ತ ನೋಡಿದಳು. ದೊಡ್ಡಮ್ಮ ಅಷ್ಟು ಹೊತ್ತೂ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದವಳು ಆ ಮಾತಿಗೆ ಮುಖವೆಲ್ಲ ಅರಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಯಜಮಾನರು, "ಕೆಡಿಸೋಕೆ ಆಗ್ತಿಲ್ಲ," ಎಂದು ಎದ್ದರು.

ಇನ್ನು ಉಳಿದಿದ್ದು ಇಸ್ತ್ರಿಪೆಟ್ಟಿಗೆ ಮತ್ತು ಆ ಏರು.

ಮರುದಿನ ಹನ್ನೊಂದು ಗಂಟೆಗೆ ಗಡಿಯಾರದಣ್ಣ ಏಳು ಎಂದು ಒತ್ತಿದರು. "ಏಳು ಗಂಟೆಯಲ್ಲಿ ತುಂಬುತ್ತದೆ. ಸರಿಯೇ?" ಅವರು ಸರಿ ಎಂದರು. ಟೈಲರಮ್ಮ ಗೋಡೆಯಾಚೆಯಿಂದ, "ಹಾಕ್ಲಾ?" ಎಂದು ಕೂಗಿದಳು.

"ಹಾಕಮ್ಮಾ!"

ಇಸ್ತ್ರಿಪೆಟ್ಟಿಗೆ ಹಾಕಿದಳು. ನಾವೆಲ್ಲ ಬಲ್ಬನ್ನೇ ನೋಡುತ್ತಿದ್ದೆವು. ಬಲ್ಬು ಒಂದು ಚೂರು ಮಂಕಾಗಿ, ಮತ್ತೆ ಸರಿಯಾಗಿ, ಹಾಗೇ ಉರಿಯಿತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಟೈಲರಮ್ಮ ಇಸ್ತ್ರಿ ಮಾಡಿದ ಬಿಸಿ ಅಂಗಿಯೊಂದನ್ನು ಬಾವುಟದಂತೆ ಹಿಡಿದು ಬಂದು, "ಎರಡು ವರ್ಷದಲ್ಲಿ ಮೊದಲ್ನೇ ಸಲ ಒಂದೇ ಸಮ ಇಸ್ತ್ರಿ ಮಾಡ್ದೆ ಕಣ್ರೀ," ಎಂದಳು. ಅವಳದೂ ಒಂದು ಗೆಲುವು ಇದರಲ್ಲಿತ್ತು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಆರಕ್ಕೆ ಪರದೆ ತುಂಬಿತು ಎಂದಿತು. ಅವರು ಅಂಗಡಿಯ ಬಾಗಿಲೆಳೆದರು. ಕುರ್ಚಿ ಮುಂದೆ, ದೊಡ್ಡಮ್ಮ ಪಕ್ಕದಲ್ಲಿ, ನಾನೂ ಯಜಮಾನರೂ ಹಿಂದೆ. ನಾಲ್ಕು ರಸ್ತೆ ಕೂಡುವಲ್ಲಿ ಅವರು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಏರು ಶುರುವಾಯಿತು. ಔಷಧಿ ಅಂಗಡಿ ದಾಟಿತು, ಶಾಲೆಯ ಗೋಡೆ ದಾಟಿತು, ಪ್ರತಿ ದಿನ ಕುರ್ಚಿ ನಿಲ್ಲುತ್ತಿದ್ದ ನಲ್ಲಿಕಟ್ಟೆ ದಾಟಿತು. ಅಲ್ಲಿ ಯಾರೋ ಒಬ್ಬರು ಅಭ್ಯಾಸಬಲದಿಂದ ಹಿಂದಿನ ಹಿಡಿಗೆ ಕೈ ಹಾಕಲು ಬಂದರು.

"ಬೇಡಿ ಸ್ವಾಮಿ," ಎಂದರು ಗಡಿಯಾರದಣ್ಣ, "ನೀವು ಫೋನಲ್ಲಿ ಮಾತಾಡಿ."

ಏರು ಕಡಿದಾದಂತೆ ನನಗೂ ಯಜಮಾನರಿಗೂ ಏದುಸಿರು ಬಂತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲಲ್ಲಿ ನಿಲ್ಲುತ್ತಿದ್ದಳು. ಕುರ್ಚಿ ಮಾತ್ರ ನಿಲ್ಲಲಿಲ್ಲ. ತುದಿ ಮುಟ್ಟಿ, ಹಸಿರು ಬಾಗಿಲಿನ ಒಂದು ಮನೆಯ ಮುಂದೆ ತಿರುಗಿ, ಅವರು ನಮ್ಮನ್ನು ಕಾಯುತ್ತ ಕೂತಿದ್ದರು. ನಾವು ಮೂವರು ಕಾಲಿದ್ದವರು ಬಂದು ಸೇರಲು ಇನ್ನೂ ಐದು ನಿಮಿಷ ಬೇಕಾಯಿತು.

"ತಳ್ಳಬೇಕಿತ್ತೇನಮ್ಮಾ ನಿಮ್ಮನ್ನ?" ಎಂದರು.

ದೊಡ್ಡಮ್ಮನಿಗೆ ಉಸಿರಿರಲಿಲ್ಲ. ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಬೇಡ ಎಂದು ಕೈಯಾಡಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಎರಡು ಸಲ. ಮೊದಲನೆಯದು ನನ್ನ ಅಮ್ಮ ಹೋದಾಗ. ಬಾಗಿಲು ತೆರೆದು ಗಡಿಯಾರದಣ್ಣನ ಹೆಂಡತಿ ಹೊರಬಂದರು. ಗಂಡನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಅತ್ತ ಇತ್ತ ನೋಡಿ, "ಇವತ್ತು ಯಾರು ತಂದು ಬಿಟ್ರು?" ಎಂದು ಕೇಳಿದರು.

"ನಾನೇ," ಎಂದರು ಅವರು.

ತಿಂಗಳ ಕೊನೆಗೆ ಯಜಮಾನರು ಡ್ರೈವರನ್ನು ಚಿಪ್‌ನಲ್ಲಿ ಕೂರಿಸಲು ಸಹಿ ಹಾಕಿದರು. ವೋಲ್ಟೇಜಿಗೆ ಇಂದಿಗೂ ಬೀಗವಿದೆ. ಅದನ್ನು ಬಿಚ್ಚಿ ಎಂದು ಆಮೇಲೆ ಎಷ್ಟೋ ಜನ ಬರೆದರು, ಒಬ್ಬರು ಬೈದೂ ಬರೆದರು. "ಇಳಿಸೋದು ನಿಮ್ಮಿಷ್ಟ. ಏರಿಸೋದು ಮಾತ್ರ ಬ್ಯಾಟರಿ ಇಷ್ಟ," ಎಂದು ದೊಡ್ಡಮ್ಮ ನನ್ನಿಂದ ಉತ್ತರ ಬರೆಸಿದಳು. ಬೀಗದಕ್ಕ ಎಂಬ ಹೆಸರೂ ಹೋಗಲಿಲ್ಲ, ಈಗ ಎದುರಿಗೇ ಹಾಗೆ ಕರೆಯುತ್ತಾರೆ, ಅವಳು ಓ ಎನ್ನುತ್ತಾಳೆ.

ಇದಾಗಿ ಎರಡು ವಾರಕ್ಕೆ ಗಡಿಯಾರದಣ್ಣ ಮತ್ತೆ ಕಾರ್ಖಾನೆಗೆ ಬಂದರು. ಈ ಸಲ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿದ ಉದ್ದದ ಪೊಟ್ಟಣವೊಂದನ್ನು ದೊಡ್ಡಮ್ಮನ ಕೈಗಿಟ್ಟರು. ಬಿಚ್ಚಿದರೆ ಎರಡು ಕಬ್ಬಿಣದ ಹಿಡಿಗಳು. ಕುರ್ಚಿಯ ಬೆನ್ನಿಗಿರುವ, ತಳ್ಳುವವರು ಹಿಡಿಯುವ ಹಿಡಿಗಳು. ಗಡಿಯಾರದ ಬಿಡಿಭಾಗ ಇಡುವ ಪುಟ್ಟ ಚೀಲದಲ್ಲಿ ನಾಲ್ಕು ತಿರುಪುಗಳನ್ನೂ ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದರು.

"ನಂಗಿನ್ನು ಇವು ಬೇಡಮ್ಮಾ. ನಿಮ್ಮಲ್ಲೇ ಇರ್ಲಿ," ಎಂದರು.

ದೊಡ್ಡಮ್ಮ ಬೀರು ತೆಗೆದು, ಸುಟ್ಟ ದಿಂಬನ್ನು ಪಕ್ಕಕ್ಕೆ ಸರಿಸಿ, ಹಿಡಿಗಳಿಗೆ ಜಾಗ ಮಾಡಿದಳು. ನಾನು ನನ್ನ ಮೇಜಿಗೆ ಹೋಗಿ ಹೊಸ ಕೈಪಿಡಿಯ ಕರಡು ತೆಗೆದೆ. ಬಿಡಿಭಾಗಗಳ ಪಟ್ಟಿಯಲ್ಲಿ, "ಹಿಂಬದಿಯ ಹಿಡಿ: ಎರಡು" ಎಂಬಲ್ಲಿ ಒಂದು ಸಾಲು ಸೇರಿಸಿದೆ: "ಕೂತವರಿಗೆ ಬೇಡವಾದರೆ ಬಿಚ್ಚಿ ತೆಗೆಯಬಹುದು."